ಗುರುವಾರದ ಲಸಿಕೆ, ಬ್ರೆಜಿಲ್‌ನ ಒಬ್ಬ ಡಾಕ್ಟರು

ಪೋಷಕರಿಗೆ ನಮಸ್ಕಾರ.

ಬರುವ ಗುರುವಾರ ಬೆಳಿಗ್ಗೆ 10 ಗಂಟೆಗೆ ಆರೋಗ್ಯ ಕೇಂದ್ರದವರು ನಮ್ಮ ಶಾಲೆಗೆ ಬರುತ್ತಾರೆ. 10 ಮತ್ತು 16 ವರ್ಷದ ಮಕ್ಕಳಿಗೆ ಟಿಡಿ ಲಸಿಕೆ ಹಾಕುತ್ತಾರೆ. ಧನುರ್ವಾಯು, ಗಂಟಲಮಾರಿ ಬಾರದಂತೆ ತಡೆಯುವ ಚುಚ್ಚುಮದ್ದು ಇದು. ದುಡ್ಡು ಕೊಡಬೇಕಿಲ್ಲ.

ಒಪ್ಪಿಗೆ ಚೀಟಿಗಳನ್ನು ಮಕ್ಕಳ ಕೈಯಲ್ಲೇ ಕಳಿಸಿದ್ದೆವು. ಎಷ್ಟೋ ಚೀಟಿ ಇನ್ನೂ ವಾಪಸ್ ಬಂದಿಲ್ಲ. ಒಂದು ಮಾತ್ರ ನಾಲ್ಕು ಮಡಿಕೆಯಾಗಿ ಬಂತು. ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದಿತ್ತು: "ಕಾಫಿ ಕುಯ್ಲು ಇದೆ ಮೇಡಂ. ಜ್ವರ ಬಂದ್ರೆ ನೋಡ್ಕೊಳ್ಳೋರು ಇಲ್ಲ. ಮುಂದಿನ ಸಲ ಹಾಕಿಸ್ತೀವಿ." ಬರೆದವರ ಮೇಲೆ ನನಗೆ ಬೇಸರವಿಲ್ಲ. ಕುಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ತಪ್ಪಿದರೆ ಏನಾಗುತ್ತದೆ ಅಂತ ತೋಟದ ಕೆಲಸಗಾರರ ಲೈನ್‌ಮನೆಯವರಿಗೇ ಗೊತ್ತು. ಆದರೆ ಆ "ಮುಂದಿನ ಸಲ" ಓದಿದಾಗ ನನಗೆ ಬ್ರೆಜಿಲ್‌ನ ಡಾ. ಡ್ರೌಜಿಯೊ ವರೆಲ್ಲಾ ನೆನಪಾದರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಅವರ ಕಥೆ ಹೇಳಿದೆ. ನಿಮಗೂ ಹೇಳಬೇಕು ಅನ್ನಿಸಿತು.

ಬ್ರೆಜಿಲ್ ಅಂದರೆ ನಮಗೆ ಕಾಫಿ ರೇಟು. ಅಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ಇಲ್ಲಿ ರೇಟು ಏರುತ್ತದೆ, ಆಗಷ್ಟೇ ಆ ದೇಶದ ಮಾತು ಬರೋದು ಅಲ್ವಾ? ವರೆಲ್ಲಾ ಅವರು ಅಲ್ಲಿನ ಸಾವೊ ಪೌಲೊದಲ್ಲಿ 1943ರಲ್ಲಿ ಹುಟ್ಟಿದವರು. ಫ್ಯಾಕ್ಟರಿ ಕೆಲಸಗಾರರ ಬೀದಿಯಲ್ಲಿ ಬೆಳೆದರು. ಚಿಕ್ಕ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ಓದಿ ಕ್ಯಾನ್ಸರ್ ಡಾಕ್ಟರಾದರು. ಏಡ್ಸ್ ಹೆಸರು ಕೇಳಿದರೇ ಜನ ಹೆದರುತ್ತಿದ್ದ ಕಾಲದಲ್ಲಿ, 1986ರಿಂದ, ರೇಡಿಯೊದಲ್ಲಿ ಆ ಕಾಯಿಲೆ ಬಗ್ಗೆ ಸರಳವಾಗಿ ತಿಳಿಸಿ ಹೇಳತೊಡಗಿದರು. ಆಮೇಲೆ ಟಿವಿಗೆ ಬಂದರು. ಬ್ರೆಜಿಲ್‌ನಲ್ಲಿ ಮನೆಮನೆಗೂ ಗೊತ್ತಿರುವ ಮುಖವಾದರು.

ನನಗೆ ಅವರ ಬಗ್ಗೆ ಗೌರವ ಜಾಸ್ತಿಯಾಗಿದ್ದು ಜೈಲಿನ ಕೆಲಸದಿಂದ. 1989ರಲ್ಲಿ ಕರಾಂಡಿರು ಜೈಲಿಗೆ ಏಡ್ಸ್ ಬಗ್ಗೆ ಒಂದು ವಿಡಿಯೊ ಮಾಡಲು ಹೋದರು. ಏಳು ಸಾವಿರಕ್ಕೂ ಹೆಚ್ಚು ಕೈದಿಗಳಿದ್ದ ಜೈಲು ಅದು. ಕೆಲಸ ಮುಗಿಸಿ ಸುಮ್ನೆ ಬಂದುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. 2002ರಲ್ಲಿ ಜೈಲು ಮುಚ್ಚುವವರೆಗೂ ಸಂಬಳವಿಲ್ಲದೆ ಅಲ್ಲಿ ರೋಗಿಗಳನ್ನು ನೋಡಿದರು. ಬರೀ ಭಾಷಣ ಮಾಡಿದರೆ ಸಾಲದು ಅಂತ ಕೈದಿಗಳಿಗಾಗಿ ಕಾಮಿಕ್ಸ್ ಪುಸ್ತಕವನ್ನೇ ತಂದರು. ಪಾಠ ಹೇಳುವ ನಮಗೆ ಅದರಿಂದ ಕಲಿಯೋದು ಬಹಳ ಇದೆ. ತಾನು ಡಾಕ್ಟರು, ನ್ಯಾಯಾಧೀಶ ಅಲ್ಲ ಅನ್ನುವುದು ಅವರ ನಿಲುವು.

ಇಂಥವರೇ 2004ರಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಅಮೆಜಾನ್ ಕಾಡಿನ ರಿಯೊ ನೆಗ್ರೊ ನದಿಯ ಕಡೆಗೆ ಔಷಧದ ಗಿಡಗಳ ಸಂಶೋಧನೆಗೆ ಅವರು ಆಗಾಗ ಹೋಗುತ್ತಿದ್ದರು. ಅಲ್ಲಿ ಸೊಳ್ಳೆಯಿಂದ ಬರುವ ಹಳದಿ ಜ್ವರ ಹಿಡಿಯಿತು. ಆಗಿನ ನಿಯಮದ ಪ್ರಕಾರ ಅದರ ಲಸಿಕೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಹಾಕಿಸಿಕೊಂಡಿರಲಿಲ್ಲ! ಉಳಿದುಕೊಂಡ ಮೇಲೆ ಅದನ್ನೂ ಮುಚ್ಚಿಡದೆ ಪುಸ್ತಕ ಬರೆದು ಹೇಳಿದರು. ಇದನ್ನು ಕೇಳಿ 5ನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಡಾಕ್ಟ್ರೇ ಬಿಟ್ಬಿಟ್ರಾ ಮೇಡಂ?" ಅಂದಳು. ಹೌದಮ್ಮ ಅಂದೆ.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ. ರಜೆ ದಿನ ನಮ್ಮ ಮಕ್ಕಳು ಬರಿಗಾಲಲ್ಲಿ ತೋಟಕ್ಕೆ ಬರುತ್ತಾರೆ, ಉದುರಿದ ಕಾಫಿ ಹೆಕ್ಕುತ್ತಾರೆ. ಮುಳ್ಳೋ, ಬೇಲಿಯ ತಂತಿಯೋ, ಕತ್ತಿಯೋ ತಾಗಿ ಗಾಯವಾದರೆ ಅದೇ ಅದಕ್ಕೆ ದಾರಿ. ಮಗುವಾಗಿದ್ದಾಗ ಹಾಕಿಸಿದ ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ ಈಗ ಮತ್ತೊಮ್ಮೆ ಹಾಕಿಸೋದು.

ಸಾಮಾನ್ಯವಾಗಿ ತೋಳು ನೋಯುತ್ತದೆ, ಕೆಲವರಿಗೆ ಒಂದೆರಡು ದಿನ ಸಣ್ಣಗೆ ಜ್ವರ ಬರುತ್ತದೆ. ಶುಕ್ರವಾರ ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಗುವನ್ನು ಶಾಲೆಗೇ ಕಳಿಸಿ. ಲೈಬ್ರರಿ ಕೋಣೆಯಲ್ಲಿ ಚಾಪೆ ಹಾಸಿರುತ್ತೇವೆ, ಗಂಜಿ ಮಾಡಿಸಿರುತ್ತೇವೆ. ನೀವು ತೋಟದಿಂದ ಬರುವವರೆಗೂ ನಾನು ಅಲ್ಲೇ ಇರುತ್ತೇನೆ.

ಗುರುವಾರ ಮಕ್ಕಳಿಗೆ ತಿಂಡಿ ತಿನ್ನಿಸಿ ಕಳಿಸಿ. ತಾಯಿ ಕಾರ್ಡ್ ಇದ್ದರೆ ಕೊಟ್ಟು ಕಳಿಸಿ. ಅಸ್ಸಾಂ ಕಡೆಯಿಂದ ಬಂದವರು ಕಾರ್ಡ್ ಊರಲ್ಲೇ ಬಿಟ್ಟಿದ್ದರೂ ಪರವಾಗಿಲ್ಲ, ಮಗು ಬಂದರೆ ಸಾಕು. ಹಿಂದೆ ಯಾವುದಾದರೂ ಚುಚ್ಚುಮದ್ದಿನಿಂದ ತೊಂದರೆ ಆಗಿದ್ದರೆ ಚೀಟಿಯಲ್ಲಿ ಬರೆಯಿರಿ. ಸಹಿ ಮಾಡಿದ ಚೀಟಿ ಬುಧವಾರದೊಳಗೆ ನಮ್ಮ ಕೈ ಸೇರಲಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ