ಹಳ್ಳದ ತಳದ ಮರಳಿನಲ್ಲಿ ತಾಪಮಾನ ಅಳೆಯಿರಿ: ಅಂತರ್ಜಲ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಇದನ್ನು ನಾಲ್ಕು ಜನರಿಗೆ ಕಾಣುವ ಹಾಗೆ ಬರೆಯುತ್ತಿದ್ದೇನೆ. ದಂಡೆಯುದ್ದಕ್ಕೂ ಬೋರ್‌ವೆಲ್ ಕೊರೆದ ಮೇಲೆ ನಮ್ಮ ಹಳ್ಳ ಬೇಸಿಗೆಗೆ ಮೊದಲೇ ಬತ್ತುತ್ತಿದೆ. ಕೇಳಿದರೆ ನಿಮ್ಮ ಕಚೇರಿಯದು ಒಂದೇ ಉತ್ತರ: ಹಳ್ಳದ ನೀರು ಬೇರೆ, ಅಂತರ್ಜಲ ಬೇರೆ. ಫೈಲೂ ಬೇರೆ. ಪಾಪ, ನೀರಿಗೆ ಇದು ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಕೊನೆಗೂ ಒಬ್ಬರು ಪರಿಶೀಲನೆಗೆ ಬಂದರು. ಮಟಮಟ ಮಧ್ಯಾಹ್ನ. ಸೇತುವೆ ಮೇಲೆ ನಿಂತ ಜೀಪಿನ ಎಂಜಿನ್ ಕೂಡ ಆಫ್ ಆಗಲಿಲ್ಲ. ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಬಿಟ್ಟರು. ದಾರ ಸಾಲಲಿಲ್ಲ. ಬಕೆಟ್‌ನಲ್ಲಿ ನೀರು ತರಿಸಿಕೊಂಡು, ಅದರಲ್ಲಿ ಅದ್ದಿ, ಬರೆದುಕೊಂಡು ಹೊರಟರು. ವರದಿ ಬಂತು: ಹಳ್ಳಕ್ಕೂ ಬೋರ್‌ವೆಲ್‌ಗಳಿಗೂ ಸಂಬಂಧ ಕಂಡುಬಂದಿಲ್ಲ! ಬಕೆಟ್‌ನಲ್ಲಿ ಹೇಗೆ ಕಾಣಬೇಕು ಸ್ವಾಮಿ?

ನಿಮಗೆ ಗೊತ್ತಿಲ್ಲದ್ದೇನಲ್ಲ. ಹಳ್ಳದ ನೀರು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಅಂತರ್ಜಲದ ತಾಪಮಾನ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನೀರು ತಳದಿಂದ ಕೆಳಗೆ ಇಂಗುತ್ತಿದ್ದರೆ ಆ ಹಗಲು-ರಾತ್ರಿಯ ಏರಿಳಿತವೂ ಅದರ ಜೊತೆ ಮರಳಿನಲ್ಲಿ ಆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ಒಸರು ಬರುತ್ತಿದ್ದರೆ ಏರಿಳಿತ ಮೇಲೇ ಅಡಗಿಹೋಗುತ್ತದೆ. ಆಳಕ್ಕೆ ಹೋದಂತೆ ಏರಿಳಿತ ಎಷ್ಟು ಕುಗ್ಗಿತು, ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ನೀರು ಇಳಿಯುವ ವೇಗವನ್ನೇ ಲೆಕ್ಕ ಹಾಕಬಹುದು. ಅಮೆರಿಕದ ಜಲವಿಜ್ಞಾನಿ ಸ್ಟಾಲ್‌ಮನ್ 1965ರಲ್ಲೇ ಇದರ ಗಣಿತ ಬರೆದಿಟ್ಟಿದ್ದಾರೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆ 2003ರಲ್ಲಿ ಈ ವಿಧಾನದ ಮೇಲೆ ಇಡೀ ಪುಸ್ತಕವನ್ನೇ ತಂದಿದೆ. ನೀರಿನ ಜಾಡು ಹಿಡಿಯಲು ಬಣ್ಣ ಸುರಿಯಬೇಕಿಲ್ಲ, ರಾಸಾಯನಿಕ ಬೇಕಿಲ್ಲ. ತಾಪಮಾನ ದಾಖಲಿಸುವ, ಅಂಗಿ ಗುಂಡಿಯಷ್ಟು ಚಿಕ್ಕ ಲಾಗರ್‌ಗಳನ್ನು ಬೇರೆ ಬೇರೆ ಆಳದಲ್ಲಿ ಹೂತರೆ ಅವೇ ಗಂಟೆಗಂಟೆಗೂ ಬರೆದುಕೊಳ್ಳುತ್ತವೆ. ಊಟದ ಬಿಡುವನ್ನೂ ಕೇಳುವುದಿಲ್ಲ.

ಹಾಗಾಗಿ ಕೇಳುವುದು ಇಷ್ಟೇ: ಲಾಗರ್ ಹೂಳಿ. ನೀರಿನಲ್ಲಲ್ಲ, ತಳದ ಮರಳಿನಲ್ಲಿ. ಒಂದು ಜಾಗದಲ್ಲಲ್ಲ, ಬೋರ್‌ವೆಲ್ ಇರುವ ಕಡೆ, ಇಲ್ಲದ ಕಡೆ, ಎರಡೂ ಕಡೆ. ಪಂಪು ಓಡುವಾಗ, ನಿಂತಾಗ, ಎರಡೂ ಹೊತ್ತು ಅಳೆಯಲಿ. ಪಂಪು ಓಡಿದಾಗ ಏರಿಳಿತ ಇನ್ನೂ ಆಳಕ್ಕೆ ಇಳಿದರೆ ಹಳ್ಳದ ನೀರು ಎತ್ತ ಹೋಗುತ್ತಿದೆ ಎಂದು ಯಾರೂ ವಾದ ಮಾಡಬೇಕಾಗಿಲ್ಲ. ಇಳಿಯದಿದ್ದರೆ ಅದನ್ನೂ ಪ್ರಕಟಿಸಿ, ನಾವು ಸುಮ್ನಾಗುತ್ತೇವೆ.

ಮತ್ತೆ ಹೇಳುತ್ತೇನೆ, ಲಾಗರ್ ಹೂಳಿ. ಮಳೆ ನಿಂತಾಗಿನಿಂದ ಹಳ್ಳ ಬತ್ತುವ ತನಕ ಅಲ್ಲೇ ಇರಲಿ. ಅಂಕಿಅಂಶ ಎಲ್ಲರಿಗೂ ಸಿಗುವಂತೆ ಹಾಕಿ. ಅಲ್ಲಿಯ ತನಕ ದಂಡೆಯಲ್ಲಿ ಒಂದೇ ಒಂದು ಹೊಸ ಬೋರ್‌ವೆಲ್‌ಗೂ ಅನುಮತಿ ಕೊಡಬೇಡಿ.

ಇಂತಿ,
ಹಳ್ಳದ ಕೆಳಭಾಗದ ಒಬ್ಬ ರೈತ