ಶುಕ್ರವಾರದ ಪ್ರಾರ್ಥನೆ: ಈ ಸಲ ಭಯದ ಬಗ್ಗೆ

ಕರ್ತನಲ್ಲಿ ಪ್ರಿಯರೇ, ವಂದನೆಗಳು.

ಈ ಶುಕ್ರವಾರ ಸಂಜೆ 7ಕ್ಕೆ ವಿಡಿಯೋ ಕಾಲ್‌ನಲ್ಲಿ ಪ್ರಾರ್ಥನೆ ಇದೆ. ಆಪರೇಷನ್‌ಗೆ ಕಾಯುತ್ತಿರುವವರು, ರಾತ್ರಿ ನಿದ್ದೆ ಬಾರದವರು ದಯವಿಟ್ಟು ತಪ್ಪಿಸಬೇಡಿ.

ಮೊದಲೇ ಬೈಬಲಿನ ಕೀರ್ತನೆ 56 ಓದಿಕೊಂಡಿರಿ. ಗತ್ ಊರಲ್ಲಿ ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕಿದಾಗ ದಾವೀದ ಹಾಡಿದ್ದು ಅಂತ ತಲೆಬರಹದಲ್ಲೇ ಇದೆ. 3ನೇ ವಚನದಲ್ಲಿ ಸ್ವಲ್ಪ ನಿಲ್ಲಿ. ಹೆದರಿಕೆಯೇ ಇಲ್ಲ ಅಂತ ಅವನು ಹೇಳುವುದಿಲ್ಲ. ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಹಾಗಾಗಿ ಹೆದರಿದವರಿಗೆ ನಂಬಿಕೆ ಕಡಿಮೆ ಅಂತ ಯಾರೂ ಹೇಳಬೇಡಿ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೂ ಕಳವಳಪಟ್ಟು ಪ್ರಾರ್ಥಿಸಿದರು, ಅಲ್ವಾ?

ನಿಮ್ಮ ಭಯ ಏನು ಅಂತ ಗುರುವಾರ ರಾತ್ರಿಯೊಳಗೆ ನನಗೊಬ್ಬನಿಗೇ ಬರೆದು ಕಳಿಸಿ. ಹೆಸರು ಹೇಳದೆ ಪ್ರಾರ್ಥಿಸುತ್ತೇವೆ. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಬರುವವರು ಇಲ್ಲೇ ‘ಬರ್ತೀನಿ’ ಅಂತ ಹಾಕಿ.