ಸಹಿ ಯಾರ ಕೈಯಲ್ಲಿದೆಯೋ ಅವರನ್ನು ಜನ ಆರಿಸಲಿ

ಮಾನ್ಯ ಸಂಪಾದಕರೆ,

ರಾಷ್ಟ್ರಪತಿಯನ್ನು ಸಂಸದರು, ಶಾಸಕರೇ ಯಾಕೆ ಆರಿಸಬೇಕು, ಜನ ನೇರವಾಗಿ ಆರಿಸಬಾರದಾ ಎಂಬ ಮಾತು ಆಗಾಗ ಏಳುತ್ತದೆ. 2027ರಲ್ಲಿ ಆ ಚುನಾವಣೆ ಇದೆ, ಮತ್ತೆ ಏಳುತ್ತದೆ. ನನಗಂತೂ ಜನ ನೇರವಾಗಿ ಆರಿಸಬೇಕಾದದ್ದು ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು, ರಾಷ್ಟ್ರಪತಿಗೆ ಈಗಿರುವ ಪದ್ಧತಿಯೇ ಸರಿ ಅನ್ನಿಸುತ್ತದೆ. ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಶಾ ನೇರ ಚುನಾವಣೆ ಬೇಕೆಂದು ವಾದಿಸಿದ್ದರು. ನೆಹರೂ, ಅಂಬೇಡ್ಕರ್ ಇಬ್ಬರೂ ಒಪ್ಪಲಿಲ್ಲ. ನಮ್ಮಲ್ಲಿ ಆಡಳಿತ ನಡೆಸುವುದು ಸಚಿವ ಸಂಪುಟ. ಇಡೀ ದೇಶದ ಮತ ಪಡೆದು ಗೆದ್ದು ಬಂದವರು ಸಂಪುಟ ಹೇಳಿದ ಕಡೆ ಸುಮ್ನೆ ಸಹಿ ಹಾಕುತ್ತಾ ಕೂರುತ್ತಾರಾ? ಪ್ರಧಾನಿಯ ಎದುರಿಗೆ ಇನ್ನೊಂದು ಗದ್ದುಗೆ ಎದ್ದು ನಿಲ್ಲುತ್ತದೆ, ಅಷ್ಟೇ.

ಆ ಚುನಾವಣೆಯ ಲೆಕ್ಕವೂ ನಮ್ಮ ಬೀದರ್ ಗಡಿಯಲ್ಲಿ ನಿಂತು ನೋಡಿದರೆ ಮಜವಾಗಿದೆ. ಔರಾದ್ ಶಾಸಕರ ಒಂದು ಮತದ ಬೆಲೆ 131. ಗಡಿಯಾಚೆ ಮಹಾರಾಷ್ಟ್ರದ ಉದಗೀರ ಶಾಸಕರದು 175, ತೆಲಂಗಾಣದ ಜಹೀರಾಬಾದ್ ಶಾಸಕರದು 132. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಜನಸಂಖ್ಯೆ ಮಾತ್ರ ಇನ್ನೂ 1971ರದು! ಬೀದರ್ ಜಿಲ್ಲೆಯ ಆರೂ ಶಾಸಕರು ಸೇರಿದರೆ 786. 2022ರಲ್ಲಿ ದೇಶದ ಎಲ್ಲ ಶಾಸಕರು, ಸಂಸದರ ಮತಗಳ ಒಟ್ಟು ಬೆಲೆ 10,86,431 ಇತ್ತು. ಹಳೆಯ ಜನಗಣತಿಯೇ ಆದರೂ, ಜನ ಜಾಸ್ತಿ ಇದ್ದಷ್ಟು ತೂಕ ಜಾಸ್ತಿ ಎಂಬ ನ್ಯಾಯವಾದರೂ ಇದೆ.

ಅಮೆರಿಕದಲ್ಲಿ ಅದೂ ಇಲ್ಲ. ಅಲ್ಲಿ ಅಧ್ಯಕ್ಷರೇ ಸರ್ಕಾರ. ಆದರೂ ಅವರನ್ನು ಕೊನೆಗೆ ಆರಿಸುವುದು 538 ಎಲೆಕ್ಟರುಗಳು, ಅಂದರೆ ರಾಜ್ಯವಾರು ಆರಿಸಿದ ಪ್ರತಿನಿಧಿಗಳು, ಗೆಲ್ಲಲು 270 ಬೇಕು. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೆ 3 ಎಲೆಕ್ಟರುಗಳು, ನಾಲ್ಕು ಕೋಟಿಯ ಹತ್ತಿರ ಇರುವ ಕ್ಯಾಲಿಫೋರ್ನಿಯಾಕ್ಕೆ 54. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದ ಕಡೆ ರಾಜ್ಯದಲ್ಲಿ ಒಂದೇ ಮತ ಮುಂದಿದ್ದರೂ ಅಲ್ಲಿನ ಎಲ್ಲ ಎಲೆಕ್ಟರುಗಳೂ ಗೆದ್ದವರ ಪಾಲು. 2000ದಲ್ಲಿ ಅಲ್ ಗೋರ್‌ಗೆ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. ಫ್ಲೋರಿಡಾದಲ್ಲಿ ಗೋರ್‌ಗೆ 537 ಮತ ಕಡಿಮೆ ಬಿದ್ದದ್ದಕ್ಕೆ ಬುಷ್ ಗೆದ್ದರು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ ಸೋತರು. ಆಳುವವರನ್ನು ಆರಿಸುವ ರೀತಿ ಇದಾ?

ಅಮೆರಿಕದ ಚಿಂತೆ ಬೀದರಿನವನಿಗೆ ಯಾಕೆ ಅನ್ನಬೇಡಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ಇದೇ ಕಥೆ. ಅಧ್ಯಕ್ಷರಿಗೆ ಅಧಿಕಾರ ಇದೆ, ಬಿಲ್ಲಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅವರ ಸಹಿಯೂ ಬೇಕು. ಆದರೆ ಅವರನ್ನು ಆರಿಸುವುದು ಊರಿನವರಲ್ಲ, ಸದಸ್ಯರು. ಹದಿನೈದು ಸದಸ್ಯರ ಪಂಚಾಯಿತಿಯಲ್ಲಿ ಎಂಟು ಜನರನ್ನು ಹಿಡಿದಿಟ್ಟರೆ ಮುಗಿಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂದ ದಿನದಿಂದಲೇ ಲೆಕ್ಕಾಚಾರ ಶುರು. ರಾತ್ರೋರಾತ್ರಿ ಬಸ್ ಸ್ಟ್ಯಾಂಡ್ ಹಿಂದೆ ಎರಡು ಕ್ರೂಸರ್ ಬಂದು ನಿಲ್ಲುತ್ತವೆ. ಸದಸ್ಯರು ಬ್ಯಾಗ್ ಹಿಡಿದು ಹತ್ತುತ್ತಾರೆ, ಸದಸ್ಯೆಯರ ಜೊತೆ ಅವರ ಗಂಡಂದಿರೂ ಹತ್ತುತ್ತಾರೆ. ಶಿರಡಿ, ತಿರುಪತಿ, ಆಮೇಲೆ ಗೋವಾ. ದೇವರಿಂದ ಶುರುವಾಗಿ ಎಲ್ಲಿಗೋ ಮುಗಿಯುತ್ತದೆ. ಮೊಬೈಲ್‌ಗಳೆಲ್ಲ ಒಬ್ಬರ ಚೀಲದಲ್ಲಿ. ಮತದಾನದ ದಿನ ಗಾಡಿ ಸೀದಾ ಪಂಚಾಯಿತಿ ಬಾಗಿಲಿಗೆ ಬರುತ್ತದೆ. ಅವತ್ತು ನಮಗಿರುವ ಕೆಲಸ ಗೇಟಿನ ಹೊರಗೆ ನಿಂತು ಪಟಾಕಿ ಕೇಳುವುದು. ಈ ಖರ್ಚೆಲ್ಲ ಆಮೇಲೆ ಯಾವ ಚರಂಡಿ, ಯಾವ ಸಿಸಿ ರಸ್ತೆಯಿಂದ ವಾಪಸ್ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಗಡಿಯಾಚೆ ನೋಡಿ. 1956ರಲ್ಲಿ ಬೀದರ್ ಜಿಲ್ಲೆ ಮೂರು ಪಾಲಾದರೂ ನಮ್ಮ ಬೀಗರು, ಬಿಜ್ಜರು ಎಲ್ಲ ಕಡೆ ಇದ್ದಾರೆ. ತೆಲಂಗಾಣದ ನಾರಾಯಣಖೇಡದ ಕಡೆ ಸರಪಂಚರಿಗೆ, ಅಂದರೆ ಪಂಚಾಯಿತಿ ಅಧ್ಯಕ್ಷರಿಗೆ, ಜನರೇ ಓಟು ಹಾಕುತ್ತಾರೆ. ಮಹಾರಾಷ್ಟ್ರ 2017ರಲ್ಲಿ ನೇರ ಚುನಾವಣೆ ತಂದಿತು, 2020ರಲ್ಲಿ ತೆಗೆಯಿತು, 2022ರಲ್ಲಿ ಮತ್ತೆ ತಂದಿತು. ತೆಗೆದದ್ದಕ್ಕೂ ಒಂದು ಕಾರಣ ಇತ್ತೆನ್ನಿ. ಸರಪಂಚ ಒಂದು ಗುಂಪು, ಸದಸ್ಯರು ಇನ್ನೊಂದು ಗುಂಪಾದರೆ ಸಭೆಯಲ್ಲಿ ಜಗಳವೇ ಜಾಸ್ತಿ, ಕೆಲಸ ಕಡಿಮೆ. ನೇರ ಚುನಾವಣೆಯಲ್ಲಿ ದುಡ್ಡು ಹಂಚುವುದಿಲ್ಲ ಎಂದೂ ನಾನು ಹೇಳುವುದಿಲ್ಲ. ಆದರೆ ಎಂಟು ಜನರನ್ನು ಕ್ರೂಸರಿಗೆ ಹತ್ತಿಸಬಹುದು, ನಾಲ್ಕು ಸಾವಿರ ಮತದಾರರನ್ನು ಹತ್ತಿಸಲು ಆಗುವುದಿಲ್ಲ. ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು ಎಂಬುದೂ ಊರಿಗೆ ಗೊತ್ತಿರುತ್ತದೆ. ಈಗ ಕೇಳಿದರೆ ಅಧ್ಯಕ್ಷರು ಸದಸ್ಯರ ಕಡೆ ಬೆರಳು ತೋರಿಸುತ್ತಾರೆ, ಸದಸ್ಯರು ಅಧ್ಯಕ್ಷರ ಕಡೆ.

ರಾಷ್ಟ್ರಪತಿ ಚುನಾವಣೆಯ ರೀತಿ ಬದಲಿಸಬೇಕಾದರೆ ಸಂವಿಧಾನ ತಿದ್ದಬೇಕು, ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಪಂಚಾಯಿತಿಗೆ ಅದ್ಯಾವುದೂ ಬೇಡ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರೇ ಆರಿಸಬೇಕೆಂದು ಸಂವಿಧಾನ ಹೇಳುತ್ತದೆ, ನಿಜ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಆಯ್ಕೆ ಹೇಗಿರಬೇಕು ಎಂಬುದನ್ನು ಮಾತ್ರ 243ಸಿ ವಿಧಿ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ಅಂದರೆ ಬೆಂಗಳೂರಿನಲ್ಲಿ ಒಂದು ತಿದ್ದುಪಡಿ ಮಸೂದೆ ಪಾಸಾದರೆ ಸಾಕು. ಮೀಸಲಾತಿಗೂ ಇದರಿಂದ ಧಕ್ಕೆ ಇಲ್ಲ.

ನಮ್ಮ ಆರು ಶಾಸಕರಲ್ಲಿ ಯಾರಾದರೂ ಒಬ್ಬರು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ. ಯಾವ ಪಕ್ಷದವರಾದರೂ ಸರಿ. ಗ್ರಾಮ ಪಂಚಾಯಿತಿ ಚುನಾವಣೆಗೆ ಹೇಗೂ ಪಕ್ಷದ ಚಿಹ್ನೆ ಇಲ್ಲವಲ್ಲ.

– ನಿವೃತ್ತ ಶಿಕ್ಷಕ, ಕಮಲನಗರ ತಾಲ್ಲೂಕು, ಬೀದರ್ ಜಿಲ್ಲೆ